ಬೆನ್ನ ಹಿಂದಿನ ಎಡಗೈ

ಕಳೆದ ತಿಂಗಳು ಕಾರವಾರದ ನಮ್ಮ ಆಫೀಸಿನಲ್ಲಿ ಯುಪಿಎಸ್ ಕೆಟ್ಟು ಕೂತಿತು. ರಿಪೇರಿಗೆ ಬಂದವನು ಅದನ್ನು ನನ್ನ ಮೇಜಿನ ಪಕ್ಕದಲ್ಲೇ ನೆಲದ ಮೇಲೆ ಬಿಚ್ಚಿ ಹರವಿಕೊಂಡ. ಸೋಲ್ಡರಿಂಗ್ ಐರನ್ ಕಾಯಿಸಿ ಅದರ ತುದಿಯನ್ನು ಬೆಸುಗೆಯ ರಾಳಕ್ಕೆ ಅದ್ದಿದ. ಚುರ್ ಅಂತ ಒಂದೆಳೆ ಬಿಳಿ ಹೊಗೆ ಎದ್ದು ನನ್ನ ಮೂಗಿಗೆ ಬಂತು ನೋಡಿ, ಕೂತಲ್ಲಿ ಕೂರಲಾಗಲಿಲ್ಲ. ಹಿಂದಿನ ಬೇಸಿನ್ನಿಗೆ ಓಡಿಹೋಗಿ ಬೆಳಿಗ್ಗೆ ತಿಂದ ಅವಲಕ್ಕಿಯನ್ನೆಲ್ಲ ವಾಂತಿ ಮಾಡಿದೆ. ಪಕ್ಕದ ಮೇಜಿನವರು ಹಿಂದೆಯೇ ಬಂದು, "ಎಂತ ಆಯ್ತು ಮೇಡಂ, ಗ್ಯಾಸಾ?" ಅಂತ ಕೇಳಿದರು. ಹೌದು, ಗ್ಯಾಸು ಅಂದೆ. ಗ್ಯಾಸೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಆ ಹೊಗೆಯಲ್ಲಿ ನನಗೆ ಒಬ್ಬ ಮನುಷ್ಯನ ಅಂಗೈ ಸುಟ್ಟ ವಾಸನೆ ಬರುತ್ತದೆ. ಇದನ್ನು ಆಫೀಸಿನಲ್ಲಿ ಯಾರ ಹತ್ತಿರ ಹೇಳಲಿ?

ಅವರನ್ನು ನಾನು ರೇಡಿಯೋ ಮಾಮ ಅಂತ ಕರೆಯುತ್ತಿದ್ದೆ. ಊರವರು ರೇಡಿಯೋದವ ಅನ್ನುತ್ತಿದ್ದರು. ಬೇಲೆಕೇರಿಗೆ ತಿರುಗುವ ಕ್ರಾಸಿನಲ್ಲಿ, ಹೆದ್ದಾರಿಯ ಬದಿಗೆ, ಹಂಚಿನ ಒಂದು ಕೋಣೆಯಲ್ಲಿ ಅವರ ಅಂಗಡಿ. ಕಾರವಾರದ ಕಡೆಯವರು, ಮನೆಮಾತು ಕೊಂಕಣಿ, ಮದುವೆ ಆಗಿರಲಿಲ್ಲ. ನಮ್ಮೂರು ಕ್ರಾಸಿನಿಂದ ಒಂದು ಮೈಲು ಒಳಗೆ. ಪಿಯುಸಿ ಮುಗಿಸಿ ಅಂಕೋಲೆಗೆ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದ ನಾನು ದಿನವೂ ಬಸ್ಸಿಗೆ ಅವರ ಅಂಗಡಿಯ ಎದುರೇ ನಿಲ್ಲಬೇಕಿತ್ತು. ಬಸ್ಸು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿತ್ತು? ನಿಂತು ನಿಂತು ಸಾಕಾಗಿ ಒಂದು ದಿನ ಒಳಗೆ ಇಣುಕಿದೆ. ಎಂಬತ್ತರ ದಶಕದ ನಡುವಿನ ಮಾತು ಅದು. ಟಿವಿ ಇನ್ನೂ ಹತ್ತು ಮನೆಗೊಂದು ಸಹ ಇರಲಿಲ್ಲ.

ಸಾಧು ಮನುಷ್ಯ ಅಂದುಕೊಳ್ಳಬೇಡಿ. ಭಯಂಕರ ಮುಂಗೋಪಿ. ಮಳೆಗಾಲದಲ್ಲಿ ನಮ್ಮ ಕಡೆಯ ಹೆಂಗಸರು ರೇಡಿಯೋ ಥಂಡಿ ಹಿಡಿಯದಿರಲಿ ಅಂತ ಒಲೆಯ ಮೇಲಿನ ಅಟ್ಟದಲ್ಲಿ, ಒಣಮೀನಿನ ಬುಟ್ಟಿಯ ಪಕ್ಕದಲ್ಲಿ ಇಡುತ್ತಿದ್ದರು. ಅದಕ್ಕೆ ಇರುವೆ ಮುತ್ತಿ, ಮಸಿ ಹಿಡಿದು, ಹಾಡು ನಿಲ್ಲುತ್ತಿತ್ತು. ಹಾಗೆ ಬಂದ ರೇಡಿಯೋ ಬಿಚ್ಚಿದಾಗ ಮಾಮ ಕೂಗುವುದು ಬಸ್‌ಸ್ಟಾಪಿನವರೆಗೆ ಕೇಳುತ್ತಿತ್ತು. "ಅರೆ ದೇವಾ! ಇದು ರೇಡಿಯೋನಾ, ಬಂಗಡೆ ಡಬ್ಬಿನಾ? ತಕಂಡ್ಹೋಗಿ ಸಾರು ಮಾಡಿ!" ಅಂತ ಬೈದು, ಎರಡು ದಿನದಲ್ಲಿ ಅದನ್ನೇ ತೊಳೆದ ಹಾಗೆ ಮಾಡಿ ಹಾಡಿಸಿ ಕೊಡುತ್ತಿದ್ದರು. ಬೈಸಿಕೊಳ್ಳುವುದಕ್ಕೂ ಜನ ಬರುತ್ತಿದ್ದರು ಅನ್ನಿ.

ನನಗೆ ಅವರು ಬೈದದ್ದು ಕಡಿಮೆ. ಕೊಂಕಣಿಯಲ್ಲಿ ಹುಡುಗಿಯರನ್ನು ಕರೆಯುವ ಹಾಗೆ ಬಾಯ್ ಅಂತ ಕರೆದು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಟೆಸ್ಟರ್ ಹಿಡಿದು ಜೀವ ಇರುವ ತಂತಿ ಯಾವುದು, ಇಲ್ಲದ್ದು ಯಾವುದು ಅಂತ ಹುಡುಕುವುದನ್ನು ಕಲಿಸಿದರು. ತುಕ್ಕು ಹಿಡಿದ ಕಾಂಟ್ಯಾಕ್ಟುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜುವುದನ್ನು ಕಲಿಸಿದರು. ಒಂದು ಟೆಸ್ಟರನ್ನೇ ಕೊಟ್ಟುಬಿಟ್ಟರು. ಕರೆಂಟ್ ಇರುವ ಸೆಟ್ಟಿಗೆ ಕೈ ಹಾಕುವಾಗ ಅವರು ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದರು, ಬಲಗೈ ಒಂದೇ ಒಳಗೆ. ಶಾಲೆಯಲ್ಲಿ ಮಾಸ್ತರರ ಎದುರು ನಿಂತವರ ಹಾಗೆ ಕಾಣುತ್ತೀರಿ ಅಂತ ನಾನು ನಗಾಡಿದೆ. ಅವರು ನಗಲಿಲ್ಲ.

"ಬಾಯ್, ಕರೆಂಟ್ ಒಂದು ಕೈಯಿಂದ ಹೊಕ್ಕಿ ಇನ್ನೊಂದು ಕೈಯಿಂದ ಹೊರಗೆ ಬಿದ್ರೆ ನಡುವೆ ಸಿಗೂದು ಎದೆ. ಒಂದು ಕೈ ಹಿಂದೆ ಇಟ್ಕಂಡ್ರೆ ಬೆರಳು ಸುಟ್ಟೀತು, ಜೀವ ಉಳೀತದೆ."

ಅವರ ಎಡಗೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಟಿವಿ ಬಿಚ್ಚಿಟ್ಟಲ್ಲಿಂದ ಎದ್ದು ಯಾರನ್ನಾದರೂ ಮಾತಾಡಿಸಲು ಬಾಗಿಲಿಗೆ ಬಂದರೂ ಆ ಕೈ ಬೆನ್ನ ಹಿಂದೆಯೇ ಇರುತ್ತಿತ್ತು.

ಈಗ ನನ್ನ ಅಣ್ಣನ ವಿಷಯ ಹೇಳಬೇಕು. ನನಗಿಂತ ಎಂಟು ವರ್ಷ ದೊಡ್ಡವನು. ಅವನದು ಕೈ ಮೊದಲು, ಬಾಯಿ ಆಮೇಲೆ. ಎತ್ತಿಗೆ ಹೊಡೆದು ಬಾರುಕೋಲು ಮುರಿದವನು, ಅತ್ತಿಗೆಗೆ ಹೊಡೆದು ಆಕೆಯ ಬಳೆ ಮುರಿದವನು. ಅಪ್ಪ ಹಾಸಿಗೆ ಹಿಡಿದ ಮೇಲೆ ಮನೆಯಲ್ಲಿ ಅವನೇ ರಾಜ. ಆಯಿ ಅವನ ಚಪ್ಪಲಿ ಸದ್ದು ಕೇಳಿದರೆ ಮಾತು ನಿಲ್ಲಿಸುತ್ತಿದ್ದಳು. ನಮ್ಮದು ಗುಡ್ಡದ ಬುಡದ ಗದ್ದೆ. ಭತ್ತ ಕೊಯ್ದ ಮೇಲೆ ಶೇಂಗಾ, ಗೆಣಸು. ಗೆಣಸು ದಪ್ಪಗಾಗುವ ಹೊತ್ತಿಗೆ ಗುಡ್ಡದಿಂದ ಹಂದಿ ಇಳಿಯುತ್ತಿದ್ದವು. ತಗಡು ಬಡಿದರೂ ಅಷ್ಟೇ, ಪಟಾಕಿ ಹೊಡೆದರೂ ಅಷ್ಟೇ. ಒಂದು ವರ್ಷ ನಮ್ಮ ನಾಯಿಯ ಹೊಟ್ಟೆಯನ್ನು ಹಂದಿ ಸೀಳಿಹಾಕಿತು. ಕರುಳು ಎಳೆದುಕೊಂಡೇ ಅದು ಅಂಗಳದವರೆಗೆ ಬಂದು ಸತ್ತಿತು. ಅಣ್ಣ ಅವತ್ತು ಅತ್ತದ್ದನ್ನು ನಾನು ನೋಡಿದ್ದೇನೆ. ಅವನು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ.

ಆಸುಪಾಸಿನ ಊರುಗಳಲ್ಲಿ ಕೆಲವರು ಬೇಲಿಗೆ ನೇರವಾಗಿ ಲೈನಿನ ಕರೆಂಟನ್ನೇ ಬಿಡುತ್ತಿದ್ದರು. ಅಣ್ಣ ಹಾಗೆ ಮಾಡಿಕೊಡಿ ಅಂತ ಮಾಮನ ಹತ್ತಿರ ಹೋದ. ಮಾಮ ಅವನನ್ನು ಅಂಗಡಿಯಿಂದ ದಬ್ಬುವುದೊಂದು ಬಾಕಿ. "ಹಂದಿ ಕೊಲ್ಲೂಕೆ ಹೋಗಿ ಮನ್ಷರನ್ನ ಕೊಲ್ತ್ಯಾ?" ಅಂತ ಬೈದು ಕಳಿಸಿದರು. ಆದರೆ ಅವರ ತಲೆಯಲ್ಲಿ ಹುಳ ಹೊಕ್ಕಿತ್ತು. ಹದಿನೈದು ದಿನ ಬೇರೆ ಕೆಲಸ ಬಿಟ್ಟು ಒಂದು ಬಿಸ್ಕಿಟ್ ಡಬ್ಬಿಯೊಳಗೆ ಹಳೆಯ ಬೈಕಿನ ಕಾಯಿಲ್ ಕೂರಿಸಿ, ಇನ್ನೂ ಏನೇನೋ ಬೆಸೆದು, ಕಾರಿನ ಬ್ಯಾಟರಿಯಿಂದ ನಡೆಯುವ ಒಂದು ಯಂತ್ರ ಮಾಡಿದರು. ತಂತಿ ಮುಟ್ಟಿದರೆ ಚಳ್ ಅಂತ ಒಮ್ಮೆ ಹೊಡೆದು ಬಿಟ್ಟುಬಿಡುತ್ತದೆ. ಹಂದಿ ಹಾರಿ ಓಡಬೇಕು, ಸಾಯಬಾರದು. ನಮ್ಮ ಗದ್ದೆಗೆ ತಂದು ಹಾಕಿ, ಊರವರೆಲ್ಲ ನೋಡುತ್ತಿರುವಾಗ ತಾವೇ ತಂತಿ ಹಿಡಿದು ತೋರಿಸಿದರು. ಮಾರುದ್ದ ಹಾರಿಬಿದ್ದು, ಎದ್ದು ಲುಂಗಿ ಕೊಡವಿಕೊಂಡು, "ನೋಡಿ, ಸತ್ತಿಲ್ಲ" ಅಂದರು. ಜನ ಬಿದ್ದೂ ಬಿದ್ದೂ ನಕ್ಕರು.

ಆಮೇಲೆ ನಮ್ಮೂರವರು ಮಾಡಿದ ತಮಾಷೆ ಕೇಳಿ. ಗಂಟುನೋವಿನ ಮುದುಕನೊಬ್ಬ ಅಕಸ್ಮಾತ್ ತಂತಿ ತಾಗಿಸಿಕೊಂಡು, ಮೊಣಕಾಲು ಹಗುರಾಯಿತು ಅಂತ ಹೇಳಿದ. ಮುಗಿಯಿತು! ವಾಯುವಿಗೆ ರೇಡಿಯೋದವನ ತಂತಿ ಅಂತ ಊರೆಲ್ಲ ಸುದ್ದಿ. ಬೆಳಿಗ್ಗೆ ಎದ್ದು ಮೊಣಕಾಲು, ಮೊಣಕೈ ತಾಗಿಸಿಕೊಂಡು ಹೋಗುವವರು ಶುರುವಾದರು. ಸೊಸೆಯನ್ನು ಕರೆದುಕೊಂಡು ಬಂದು ಮುಟ್ಟಿಸಿದ ಅತ್ತೆಯೂ ಇದ್ದಳು. ಮಾಮನಿಗೆ ಹೇಳಿದರೆ ಅವರು ಹೊಟ್ಟೆ ಹಿಡಿದು ನಕ್ಕರು, ಬೇಡ ಅನ್ನಲಿಲ್ಲ. ದಿನಾ ತಪ್ಪದೆ ಬರುತ್ತಿದ್ದವನು ನಮ್ಮ ಗದ್ದೆಯ ಕೆಲಸಕ್ಕೇ ಬರುವ ಒಬ್ಬ ಕೂಲಿಯವನು. ಬೆಳಗಾಗುವ ಮೊದಲು ಹೊಳೆಯಲ್ಲಿ ಬೀಸುಬಲೆ ಹಾಕಿ, ಒದ್ದೆ ಬಲೆಯನ್ನು ಹೆಗಲ ಮೇಲೆ ಹೊತ್ತು ನಮ್ಮ ಗದ್ದೆಯಂಚಿನಲ್ಲೇ ಮನೆಗೆ ಹೋಗುತ್ತಿದ್ದ. ದಾರಿಯಲ್ಲಿ ಮೊಣಕಾಲಿಗೆ ತಂತಿಯ ಮದ್ದು.

ಎರಡನೇ ವರ್ಷದ ಗೆಣಸಿಗೆ ತೊಂದರೆ ಬಂತು. ಬ್ಯಾಟರಿ ಇಳಿದುಹೋಗುತ್ತಿತ್ತು. ಅದನ್ನು ಸೈಕಲ್ಲಿಗೆ ಕಟ್ಟಿ ಅಂಕೋಲೆಗೆ ಒಯ್ದು ಚಾರ್ಜ್ ಮಾಡಿಸಿ ತರುವುದರಲ್ಲಿ ಹಂದಿ ಒಂದು ಸಾಲು ಅಗೆದು ಹಾಕುತ್ತಿದ್ದವು. ಒಂದು ಮಧ್ಯಾಹ್ನ ಅಣ್ಣ ನನ್ನನ್ನು ಬಾವಿಕಟ್ಟೆಯ ಪಂಪ್‌ಸೆಟ್ ಕೋಣೆಗೆ ಕರೆದ. ಅಲ್ಲಿದ್ದವೆಲ್ಲ ಹಳೇ ತಂತಿ, ಎಲ್ಲದರದ್ದೂ ಒಂದೇ ಕಪ್ಪು ಬಣ್ಣ. "ಆ ರೇಡಿಯೋದವ ಕೊಟ್ಟ ಟೆಸ್ಟರ್ ಅದ್ಯಲ್ಲ, ತಕಬಾ. ಕರೆಂಟ್ ಬರೂ ತಂತಿ ಯಾವ್ದು ನೋಡಿ ಹೇಳು" ಅಂದ.

"ಎಂತಕ್ಕೆ?"

"ಇಲ್ಲೇ ಬ್ಯಾಟರಿ ಚಾರ್ಜ್ ಮಾಡೂಕೆ."

"ಚಾರ್ಜರ್ ಎಲ್ಲದೆ?"

"ನಾಳೆ ತತ್ತೆ. ನಿಂಗೆ ಅದೆಲ್ಲ ಎಂತಕ್ಕೆ?"

ನಾನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಟೆಸ್ಟರ್ ತಾಗಿಸಿ, ಮೂರನೇ ತಂತಿ ಅಂತ ತೋರಿಸಿದೆ. ಅಣ್ಣ "ಭೇಷ್" ಅಂದ. ಅವನ ಬಾಯಿಂದ ಆ ಮಾತು ಬಂದದ್ದಕ್ಕೆ ನಾನು ಉಬ್ಬಿಹೋದೆ... ನಿಜ ಹೇಳಬೇಕೆಂದರೆ ಹೌದು, ಉಬ್ಬಿಹೋದೆ. ಚಾರ್ಜರ್ ಮಾತನ್ನು ನಂಬಿದೆ. ನಂಬಿದರೆ ಸುಖವಿತ್ತು.

ಸಂಜೆ ಕರುವನ್ನು ಅಟ್ಟಿಕೊಂಡು ಬರಲು ಹೋದಾಗ ನೋಡಿದೆ. ಪಂಪ್‌ಸೆಟ್ ಕೋಣೆಯಿಂದ ಒಂದು ತಂತಿ ಹೊರಟು, ಮಾಮನ ಡಬ್ಬಿಯನ್ನು ಮುಟ್ಟದೆ, ಅದರ ಮೇಲಿನಿಂದ ಹಾದು ನೇರ ಬೇಲಿಗೆ ಹೋಗಿತ್ತು. ಡಬ್ಬಿ ಸುಮ್ಮನೆ ಕಲ್ಲಿನ ಮೇಲೆ ಕೂತಿತ್ತು. ಮನೆಗೆ ಓಡಿಬಂದು, "ಅಣ್ಣಾ, ತೆಗಿ ಅದನ್ನ, ಜನ ಮುಟ್ತರೆ" ಅಂದೆ. ಅವನು ನನ್ನ ಎಡಗೆನ್ನೆಗೆ ಬಾರಿಸಿದ ಪೆಟ್ಟಿಗೆ ಕಿವಿಯಿಂದ ರಕ್ತ ಬಂತು. ಇವತ್ತಿಗೂ ಆ ಕಿವಿ ಮಂದ. "ಬೆಳಗಾಗೂಕೆ ಮುಂಚೆ ನಾನೇ ತೆಗಿತೆ. ಬಾಯಿ ಬಿಟ್ರೆ ಹಲ್ಲು ಉದುರಿಸ್ತೆ" ಅಂದ. ಆಯಿ ಅರಿಶಿನ ಹಚ್ಚುತ್ತ, "ಗಂಡಸರ ಕೆಲ್ಸದಲ್ಲಿ ತಲೆ ಹಾಕೂಕೆ ಯಾರು ಹೇಳಿರು ನಿಂಗೆ?" ಅಂತ ನನಗೇ ಬೈದಳು. ನಾನು ಹಾಸಿಗೆಯಲ್ಲಿ ಮುಖ ಮುಚ್ಚಿಕೊಂಡು ಬಿದ್ದೆ. ಕೂಲಿಯವನ ಮನೆ ನಮ್ಮ ಹಿತ್ತಲಿನಿಂದ ಕೂಗಿದರೆ ಕೇಳುವಷ್ಟೇ ದೂರ ಇತ್ತು. ಕೂಗಲಿಲ್ಲ.

ಅಣ್ಣ ಏಳುವುದು ತಡವಾಯಿತು. ಕೂಲಿಯವನು ಒದ್ದೆ ಬಲೆ ಹೊತ್ತು ಬಂದು ಎಂದಿನಂತೆ ಮೊಣಕಾಲನ್ನು ತಂತಿಗೆ ಒತ್ತಿದ. ಅವನಿಗೆ ಆ ತಂತಿಯ ಹೆದರಿಕೆ ಇರಲಿಲ್ಲವಲ್ಲ. ಅಂಟಿಕೊಂಡೇ ಸತ್ತ. ಕಾಲು ಕಪ್ಪಗೆ ಸುಟ್ಟಿತ್ತು, ಬಲೆ ಮೈಗೆ ಸುತ್ತಿಕೊಂಡಿತ್ತು, ಅದರಲ್ಲಿ ನಾಲ್ಕು ಮೀನು ಇನ್ನೂ ಮಿಸುಕಾಡುತ್ತಿದ್ದವು. ಮೊದಲು ಕಂಡವನು ಅಣ್ಣನೇ. ಕೂಗಿ ಜನ ಸೇರಿಸುವ ಮೊದಲು ಅವನು ಪಂಪ್‌ಸೆಟ್ಟಿನ ತಂತಿಯನ್ನು ಕಿತ್ತು ಸುತ್ತಿ ಬಾವಿಗೆ ಎಸೆದು, ಬೇಲಿಯನ್ನು ಮತ್ತೆ ಡಬ್ಬಿಗೆ ಸಿಕ್ಕಿಸಿದ. ಆಮೇಲೆ ಎದೆ ಬಡಿದುಕೊಂಡು ಕೂಗಿದ: "ರೇಡಿಯೋದವನ ಡಬ್ಬಿ ಜೀವ ತಕಂತ್ರೋ!"

ಜನಕ್ಕೆ ಅನುಮಾನ ಯಾಕೆ ಬರಬೇಕು? ಸಾಯುವುದಿಲ್ಲ ಅಂತ ಎಲ್ಲರೆದುರು ಹೇಳಿದವನು ಆ ರೇಡಿಯೋದವನೇ, ಮುಟ್ಟಿ ತೋರಿಸಿದವನೂ ಅವನೇ. ಡಬ್ಬಿ ಕಿತ್ತು, ದೊಣ್ಣೆ, ಕತ್ತಿ, ದೋಣಿಯ ಹುಟ್ಟು ಸಿಕ್ಕಿದ್ದನ್ನು ಹಿಡಿದು ಮೂವತ್ತು ನಲವತ್ತು ಜನ ಕ್ರಾಸಿಗೆ ಹೊರಟರು. ನಾನು ಟೈಪಿಂಗ್ ಕ್ಲಾಸಿಗೆ ಹೊರಡಲು ಸೀರೆ ಉಟ್ಟವಳು ಹಾಗೇ ಗದ್ದೆಯ ಬದುವಿನ ಮೇಲೆ ಓಡಿದೆ. ಅವರಿಗಿಂತ ಮೊದಲು ಮುಟ್ಟಿ ಮಾಮನನ್ನು ಬಸ್ಸು ಹತ್ತಿಸಬೇಕು ಅಂತಿತ್ತು. ಓಡುತ್ತ ಎರಡು ಸಲ ಬಿದ್ದೆ. ಅವರೂ ನಾನೂ ಒಟ್ಟಿಗೇ ಮುಟ್ಟಿದೆವು.

ಮಾಮ ಯಾರದೋ ಟಿವಿಯ ಹಿಂಬದಿ ಬಿಚ್ಚಿ ಕರೆಂಟ್ ಹಾಕಿ ನೋಡುತ್ತಿದ್ದರು. ಸೋಲ್ಡರಿಂಗ್ ಐರನ್ ಪಕ್ಕದಲ್ಲಿ ಕಾದು ಕೂತಿತ್ತು. ಗಲಾಟೆ ಕೇಳಿ ಬಾಗಿಲಿಗೆ ಬಂದರು, ಎಡಗೈ ಬೆನ್ನ ಹಿಂದೆ. ಯಾರೋ ಕಿರುಚಿದ, "ಕೈ ಹಿಂದೆ ಎಂತದೋ ಹಿಡ್ಕಂಡಾನೆ! ಕತ್ತಿ ಅದೆ, ಕತ್ತಿ!"

ಅಷ್ಟೇ ಸಾಕಾಯಿತು. ದೋಣಿಯ ಹುಟ್ಟಿನಿಂದ ಮೊದಲ ಪೆಟ್ಟು ಅವರ ಹಣೆಗೆ ಬಿತ್ತು. ಎರಡನೆಯದು ಆ ಎಡಗೈಯ ಹೆಗಲಿಗೆ. ಕುಸಿದವರನ್ನು ಕೂದಲು ಹಿಡಿದು ಎಬ್ಬಿಸಿದರು. ಮಾಮ ಎರಡೂ ಕೈಯನ್ನು ಮುಂದೆ ಚಾಚಿ, "ಖಾಲಿ ಅದೆ ನೋಡ್ರೋ, ಕೈ ಖಾಲಿ ಅದೆ!" ಅಂತ ಕೂಗುತ್ತಲೇ ಇದ್ದರು. ಹೊಟ್ಟೆಗೆ ಒದ್ದರು, ಬೆನ್ನಿಗೆ ಒದ್ದರು. ಮಾಮನಿಂದ ಬೈಸಿಕೊಂಡು ನಗುತ್ತಿದ್ದ ಮುಖಗಳೇ ಅವು. ಆ ಮನುಷ್ಯನಿಂದ ರೇಡಿಯೋ ಮಾಡಿಸಿಕೊಳ್ಳದ ಮನೆ ಅದರಲ್ಲಿ ಒಂದೂ ಇರಲಿಲ್ಲ. ರಕ್ತ ಇಳಿಯುವ ಕಣ್ಣಿನಲ್ಲಿ ಅವರು ನನ್ನನ್ನು ಕಂಡರು.

"ಬಾಯ್! ನಿಂಗೆ ಗೊತ್ತದೆ. ಹೇಳು ಇವರಿಗೆ. ಆ ಡಬ್ಬಿಯಿಂದ ಜೀವ ಹೋಗ್ತದಾ?"

ಇಡೀ ಗುಂಪು ತಿರುಗಿ ನನ್ನನ್ನು ನೋಡಿತು. ಎತ್ತಿದ ದೊಣ್ಣೆಗಳು ಹಾಗೇ ನಿಂತವು. ಹೌದು, ನಿಂತವು! ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಣ್ಣ ನನ್ನ ಹಿಂದೆಯೇ ಇದ್ದ. ಜಡೆಯನ್ನು ಬುಡದಲ್ಲಿ ಹಿಡಿದು ಒಂದು ಸುತ್ತು ತಿರುಪಿದ.

"ನಂಗೆ ಗೊತ್ತಿಲ್ಲ" ಅಂದೆ.

ಮಾಮ ನನ್ನನ್ನೂ ಅಣ್ಣನನ್ನೂ ನೋಡಿದರು. ಆಮೇಲೆ ಅವರು ಒಂದು ಮಾತೂ ಆಡಲಿಲ್ಲ. ಇಲ್ಲ ಅನ್ನಲಿಲ್ಲ, ಬಿಡಿ ಅನ್ನಲಿಲ್ಲ. ಅಣ್ಣ ಜಡೆ ಬಿಟ್ಟು ಮುಂದೆ ನುಗ್ಗಿ, "ಈ ಕೈಯೇ ಅಲ್ವನೋ ಡಬ್ಬಿ ಮಾಡಿದ್ದು?" ಅಂತ ಅವರ ಬಲಗೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದ. ಅಲ್ಲಿದ್ದ ಅವರದೇ ಸುತ್ತಿಗೆ ಎತ್ತಿಕೊಂಡ. ಬೆರಳು ಮುರಿಯುವ ಸದ್ದು ಒಣಕಟ್ಟಿಗೆಯದೇ. ಒಂದಾದ ಮೇಲೆ ಒಂದು... ಆಮೇಲೆ ಆ ಕಾದ ಐರನ್ ತೆಗೆದು ಅಂಗೈಗೆ ಇಟ್ಟು ಒತ್ತಿದ. ರಾಳದ ಹೊಗೆ, ಚರ್ಮದ ಹೊಗೆ ಎರಡೂ ಒಟ್ಟಿಗೆ ಎದ್ದವು. ಮಾಮ ಆಗ ಕೂಗಿದ್ದು ಮನುಷ್ಯರ ಕೂಗಲ್ಲ. ನಾನು ಐದು ಹೆಜ್ಜೆ ದೂರ ನಿಂತಿದ್ದೆ. ಅಣ್ಣನ ಕೈ ಯಾಕೆ ಅಷ್ಟು ಜೋರಾಗಿತ್ತು ಅನ್ನುವುದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಅದು ನಿಂತದ್ದು ಯಾರ ಕರುಣೆಯಿಂದಲೂ ಅಲ್ಲ. ಒಬ್ಬ ಅತಿ ಬುದ್ಧಿವಂತ ಕಬ್ಬಿಣದ ಸಲಾಕೆಯಿಂದ ಟಿವಿಯ ಮುಖಕ್ಕೆ ಬಾರಿಸಿದ. ಒಳಗಿನ ಪಿಕ್ಚರ್ ಟ್ಯೂಬು ಢಂ ಅಂತ ಒಡೆದು ಗಾಜು ಸಿಡಿಯಿತು. ಇಬ್ಬರ ಮುಖ ಹರಿದು ರಕ್ತ ಸುರಿಯಿತು. "ಬಾಂಬ್! ಬಾಂಬ್ ಇಟ್ಟಾನೆ!" ಅಂತ ಚಪ್ಪಲಿ ಬಿಟ್ಟು ಎಲ್ಲರೂ ಓಡಿದರು. ಮಾಮ ಒಬ್ಬರೇ ಮೇಜಿಗೆ ಒರಗಿ ಉಳಿದರು. ಅಂಗಿ ಬಿಚ್ಚಿ ಕೈಗೆ ಸುತ್ತಿಕೊಂಡರು. ನಾನು ಹತ್ತಿರ ಹೋದೆ. ಅವರು ತಲೆ ಎತ್ತದೆ, "ಹೋಗು, ನಿನ್ನ ಬಸ್ ಬಂತು" ಅಂದರು.

ಬಸ್ಸು ನಿಜಕ್ಕೂ ಬಂದಿತ್ತು. ನಾನು ಹತ್ತಿದೆ. ಟೈಪಿಂಗ್ ಕ್ಲಾಸಿಗೆ ಹೋದೆ. ಕೂತು ಹತ್ತೂ ಬೆರಳಿನಿಂದ ಒಂದು ಇಡೀ ಪುಟ ಟೈಪ್ ಮಾಡಿದೆ, ಒಂದೂ ತಪ್ಪಿರಲಿಲ್ಲ ಅಂತ ಮಾಸ್ತರರು ಹೊಗಳಿದರು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಥೂ ಅನ್ನಿಸುತ್ತದೆ.

ಮಾಮನನ್ನು ಒಬ್ಬ ಲಾರಿಯವನು ಕಾರವಾರಕ್ಕೆ ಒಯ್ದ ಅಂತ ಸುದ್ದಿ. ಪೋಲೀಸರು ಬಂದರು, ಡಬ್ಬಿ ನೋಡಿದರು, ಬರೆದುಕೊಂಡರು, ಹೋದರು. ಬಾವಿಯೊಳಗೆ ಯಾರೂ ಇಣುಕಲಿಲ್ಲ. ಸತ್ತವನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದಳು. ಕ್ರಾಸಿನ ಅಂಗಡಿಗೆ ಮುಂದೆ ಸೈಕಲ್ ಪಂಕ್ಚರಿನವನು ಬಂದ.

ನನಗೆ ಕಾರವಾರದಲ್ಲಿ ನೌಕರಿ ಸಿಕ್ಕಿತು. ತೊಂಬತ್ತರ ದಶಕದಲ್ಲಿ ನಮ್ಮ ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ ಅದಕ್ಕೊಂದು ಗಾಜಿನ ಕೋಣೆ, ಚಪ್ಪಲಿ ಹೊರಗೆ. ಕಾರವಾರದ ಉಪ್ಪುಗಾಳಿ ಗಾಜಿನ ಮಾತು ಕೇಳುತ್ತದೆಯೇ? ಮೊದಲ ಮಳೆಗಾಲ ಕಳೆಯುವುದರೊಳಗೆ ಕಂಪ್ಯೂಟರ್ ಬರೀ ಬೀಪ್ ಬೀಪ್ ಅನ್ನತೊಡಗಿತು. ಹುಬ್ಬಳ್ಳಿಯಿಂದ ಇಂಜಿನಿಯರ್ ಬರಬೇಕು, ಅವನು ಇವತ್ತು ನಾಳೆ ಅನ್ನುತ್ತಿದ್ದ. ಒಂದು ಶನಿವಾರ ನಾನು ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ಒಳಗಿನ ಮೆಮೊರಿ ಪಟ್ಟಿಯನ್ನು ಎಳೆದು, ಅದರ ಹಳದಿ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಶುರುವಾಯಿತು! ಸಾಹೇಬರು ಬಂದು, "ಎಲ್ಲಿ ಕಲಿತಿರಿ ಇದನ್ನ?" ಅಂತ ಕೇಳಿದರು. "ಹೀಗೇ ಸರ್, ಸುಮ್ಮನೆ" ಅಂದೆ. ಮತ್ತೊಮ್ಮೆ ಮಾಮನೆದುರು ಗೊತ್ತಿಲ್ಲ ಅಂದ ಹಾಗೆ ಆಯಿತಲ್ಲ!

ಮರುದಿನವೇ ಮಾಮನನ್ನು ಹುಡುಕಿಕೊಂಡು ಹೋದೆ. ಕಾರವಾರದಲ್ಲೇ, ಕೋಡಿಬಾಗದ ತಮ್ಮ ಅಕ್ಕನ ಮನೆಯ ಜಗಲಿಯಲ್ಲಿ ಕೂತಿದ್ದರು. ಏಳು ವರ್ಷಕ್ಕೆ ಹದಿನೈದು ವರ್ಷದ ಮುಪ್ಪು. ಬಲಗೈ ಬೆರಳುಗಳು ಒಳಗೆ ಮುದುಡಿ ಏಡಿಯ ಕಾಲಿನ ಹಾಗಾಗಿದ್ದವು. ಎಡಗೈಯಿಂದಲೇ ಚಾ ಕುಡಿದ ಅವರು ನನ್ನನ್ನು ಬೈಯಲಿಲ್ಲ. ಎಂತ ಮಾಡ್ತೆ ಅಂತ ಕೇಳಿದರು. ಕಂಪ್ಯೂಟರ್ ಅಂದೆ. ಕಣ್ಣು ಅರಳಿತು. "ಒಳಗೆ ಎಂತ ಇರ್ತದೆ? ನಾನು ನೋಡ್ಲೇ ಇಲ್ಲ" ಅಂದರು. ಮದರ್‌ಬೋರ್ಡ್ ಹೇಗಿರುತ್ತದೆ ಅಂತ ವರ್ಣಿಸಿದೆ. ಒಂದು ದಿನ ತಂದು ತೋರಿಸು ಅಂದರು. ಆಮೇಲೆ ನನಗೆ ತಡೆಯಲಾಗಲಿಲ್ಲ. ಟೆಸ್ಟರು, ಮೂರನೇ ತಂತಿ, ಬಾವಿ, ಎಲ್ಲವನ್ನೂ ಹೇಳಿಬಿಟ್ಟೆ.

"ಗೊತ್ತದೆ" ಅಂದರು ಮಾಮ. "ಆ ಊರಲ್ಲಿ ಟೆಸ್ಟರ್ ಇದ್ದದ್ದು ಇಬ್ರ ಹತ್ರ. ನಾನು ಹುಡುಕಿ ಕೊಡ್ಲಿಲ್ಲ. ಮತ್ತೆ ಯಾರು? ನಿನ್ನ ಜಡೆ ಅವ್ನ ಕೈಯಲ್ಲಿ ಕಂಡಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ ಮಾಮ?"

"ಹೇಳಿದ್ರೆ ಆ ಮೇಜಿನ ಮೇಲೆ ನಿನ್ನ ಕೈ ಇಡ್ತಿದ್ರು."

ನಾನು ಅಳಲು ಶುರುಮಾಡಿದೆ. ಅವರು ಎಡಗೈಯಿಂದ ಚಾದ ಲೋಟವನ್ನು ನೆಲಕ್ಕೆ ಅಪ್ಪಳಿಸಿದರು. ಒಳಗಿನಿಂದ ಅಕ್ಕ ಓಡಿಬಂದರು.

"ಅಳ್ಬೇಡ! ನೀ ಅತ್ರೆ ನಂಗೆ ಸಿಟ್ಟು ಬರ್ತದೆ. ಆ ತಂತಿ ಮುಟ್ಟೂ ಹುಚ್ಚಾಟ ನಾನೂ ನಿಲ್ಲಿಸ್ಲಿಲ್ಲ, ಆ ಪಾಪ ನಂದು, ನಾ ಹೊರ್ತೆ. ಆದ್ರೆ ಅವನನ್ನ ನನ್ನ ಡಬ್ಬಿ ಕೊಂದಿಲ್ಲ! ನನ್ನ ಹತ್ರ ಬಂದು ಹೇಳೂದೆಂತಕ್ಕೆ? ನಂಗೆ ಗೊತ್ತದೆ. ಅಲ್ಲಿ ಹೋಗಿ ಹೇಳು. ಊರಲ್ಲಿ ಹೇಳು."

ಹೇಳುತ್ತೇನೆ ಮಾಮ, ಅಂದೆ. ಮುಂದಿನ ವಾರವೇ ಊರಿಗೆ ಹೋದೆ ಕೂಡ. ಅಣ್ಣ ಅಂಗಳದಲ್ಲಿ ಕೋಳಿಯ ಕುತ್ತಿಗೆ ಕೊಯ್ಯುತ್ತಿದ್ದ. "ಬಾ ತಂಗಿ, ಒಳ್ಳೇ ಹೊತ್ತಿಗೆ ಬಂದೆ" ಅಂದ. ಉಂಡು ವಾಪಸ್ ಬಂದೆ. ಆಮೇಲೆ ಅಪ್ಪ ಹೋದರು, ಈಗ ಬೇಡ ಅನ್ನಿಸಿತು. ಆಯಿ ಇರುವವರೆಗೆ ಬೇಡ ಅನ್ನಿಸಿತು. ಬೇಡ ಅನ್ನುವುದಕ್ಕೆ ಕಾರಣಕ್ಕೇನು ಬರಗಾಲ? ಮಾಮನ ಕಡೆ ಹೋಗಲು ಮುಖವಿರಲಿಲ್ಲ. ಕೆಲವು ವರ್ಷ ಕಳೆದು ಆಫೀಸಿನಲ್ಲಿ ಹಳೆಯ ಕಂಪ್ಯೂಟರ್ ಗುಜರಿಗೆ ಹಾಕಿದಾಗ ಅದರ ಮದರ್‌ಬೋರ್ಡನ್ನು ಪೇಪರಿನಲ್ಲಿ ಸುತ್ತಿಕೊಂಡು ಕೋಡಿಬಾಗಕ್ಕೆ ಹೋದೆ. ಜಗಲಿಯಲ್ಲಿ ಫೋಟೋ, ಫೋಟೋಗೆ ಮಾಲೆ. ಹೋಗಿ ಎಂಟು ತಿಂಗಳಾಗಿತ್ತು. ಅವರ ಅಕ್ಕ ಹೇಳಿದರು: "ಕೊನೆಕೊನೆಗೆ ದಿನಾ ಕೇಳ್ತಿದ್ದ, ಅಂಕೋಲೆ ಕಡೆಯಿಂದ ಯಾರಾದ್ರೂ ಬಂದಿದ್ರಾ ಅಂತ." ಅವರ ಕೈಗೆ ಆ ಬೋರ್ಡನ್ನು ಕೊಟ್ಟರೆ ಅವರು ಅದನ್ನು ಎಂತ ಮಾಡಿಯಾರು? ವಾಪಸ್ ತಂದೆ.

ಆ ಯುಪಿಎಸ್ ಹೊಗೆ ಕುಡಿದು ಮೂರು ವಾರಕ್ಕೆ, ಮೊನ್ನೆ, ಊರಿಗೆ ಹೊಸ್ತಿನ ಊಟಕ್ಕೆ ಹೋದೆ. ಹೊಸಕ್ಕಿಯ ಪಾಯಸ, ಮನೆ ತುಂಬ ನೆಂಟರು. ಅಣ್ಣ ಈಗ ಊರಿಗೆ ದೊಡ್ಡ ಮನುಷ್ಯ, ಬಿಳಿ ಮೀಸೆ. ಬಾಳೆಲೆಯ ಎದುರು ಕೂತು ಹೊಸದಾಗಿ ಹಾಕಿಸಿದ ಸೋಲಾರ್ ಬೇಲಿಯನ್ನು ಹೊಗಳುತ್ತಿದ್ದ. "ಭಾರೀ ವಸ್ತು ಮಾರಾಯ್ರೆ! ಹಂದಿ ಮುಟ್ಟಿದ್ರೆ ಹಾರ್ತದೆ, ಓಡ್ತದೆ. ಮನ್ಷರು ಮುಟ್ಟಿದ್ರೂ ಸಾಯೂದಿಲ್ಲ. ಎಂತಾ ತಲೆ ನೋಡಿ ಅದನ್ನ ಕಂಡುಹಿಡಿದವ್ರದ್ದು!"

"ಇದನ್ನೇ ಅಲ್ವಾ ರೇಡಿಯೋ ಮಾಮ ನಮ್ಮ ಗದ್ದೆಗೆ ಮಾಡಿಕೊಟ್ಟದ್ದು?" ಅಂದೆ.

ಅಣ್ಣ ಅನ್ನ ಕಲಸುತ್ತ ಕೇಳಿದ, "ಯಾವ ರೇಡಿಯೋ ಮಾಮ?"

ಅವನು ನಾಟಕ ಮಾಡುತ್ತಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಅವನಿಗೆ ನೆನಪೇ ಇರಲಿಲ್ಲ. ನಾನು ಎಲೆಯ ಮುಂದಿನಿಂದ ಎದ್ದು ನಿಂತು ಹೇಳಿದೆ, ಎಲ್ಲರಿಗೂ ಕೇಳುವಂತೆ. ಕೂಲಿಯವನನ್ನು ಕೊಂದದ್ದು ಡಬ್ಬಿ ಅಲ್ಲ, ಪಂಪ್‌ಸೆಟ್ಟಿನ ಕರೆಂಟು. ತಂತಿ ಹುಡುಕಿಕೊಟ್ಟವಳು ನಾನು, ಬೇಲಿಗೆ ಸಿಕ್ಕಿಸಿದವನು ಇವನು, ಬಾವಿಗೆ ಎಸೆದವನು ಇವನು. ಏನೂ ಮಾಡದವನ ಬೆರಳು ಮುರಿದು ಅಂಗೈ ಸುಟ್ಟವನೂ ಇವನೇ. ಅತ್ತಿಗೆ, "ಊಟದ ಹೊತ್ತಲ್ಲಿ ಇದೆಂತ ಮಾತು!" ಅಂದಳು. ಅಣ್ಣ ಎಂಜಲು ಕೈ ಎತ್ತಿಕೊಂಡು ನನ್ನ ಮೇಲೆ ಬಂದ. ನಾನು ಹಿಂದೆ ಸರಿಯಲಿಲ್ಲ. "ಹೊಡಿ. ಎಲ್ಲರೂ ನೋಡ್ಲಿ" ಅಂದೆ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅವನು ಹಿತ್ತಲಿಗೆ ಹೋಗಿ ಕೈ ತೊಳೆಯುತ್ತ ಎಷ್ಟೋ ಹೊತ್ತು ಅಲ್ಲೇ ನಿಂತ. ನೆಂಟರು ತಲೆ ತಗ್ಗಿಸಿ ಪಾಯಸ ಉಂಡರು.

ನಾನು ಚೀಲ ಎತ್ತಿಕೊಂಡು ಹೊರಟಾಗ ಅಣ್ಣನ ಮಗಳು ಗೇಟಿನವರೆಗೆ ಹಿಂದೆಯೇ ಬಂದಳು. "ಅತ್ತೆ, ಅವ್ರು ಈಗ ಎಲ್ಲಿದಾರೆ?" ಅಂತ ಕೇಳಿದಳು.

"ಇಲ್ಲ, ಹೋಗಿಬಿಟ್ರು. ಇಪ್ಪತ್ತು ವರ್ಷದ ಮೇಲಾಯ್ತು."

ಅವಳು ಗೇಟು ತೆಗೆದು ಹಿಡಿದಳು. ನನ್ನನ್ನು ಚುಚ್ಚಬೇಕು ಅಂತ ಕೇಳಿದ್ದಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದಳು: "ಹಾಗಾದ್ರೆ ಇದನ್ನ ಅವ್ರು ಇದ್ದಾಗ ಯಾಕೆ ಹೇಳ್ಲಿಲ್ಲ ಅತ್ತೆ?"